ಮೀಟರ್‌ನಲ್ಲಿ 230, ಸ್ಕ್ರೀನ್ ಮೇಲೆ 2.004: ಎರಡು ರಿಜಿಸ್ಟರ್‌ಗಳಿಂದ ಒಂದು ಫ್ಲೋಟ್ ಓದುವುದು ಹೇಗೆ?

ಎನರ್ಜಿ ಮೀಟರ್ ಇರಲಿ, ಫ್ಲೋ ಮೀಟರ್ ಇರಲಿ, ಸೋಲಾರ್ ಇನ್ವರ್ಟರ್ ಇರಲಿ, ಮಾಡ್‌ಬಸ್ (ಯಂತ್ರಗಳು ಒಂದಕ್ಕೊಂದು ಮಾಹಿತಿ ಕಳಿಸುವ ಒಂದು ಪದ್ಧತಿ) ಮೂಲಕ ಕಂಪ್ಯೂಟರಿಗೆ ಜೋಡಿಸಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಮೀಟರ್ ಡಿಸ್‌ಪ್ಲೇನಲ್ಲಿ 230 ವೋಲ್ಟ್ ಕಾಣ್ತಿದೆ, ನನ್ನ ಪ್ರೋಗ್ರಾಂ ಮಾತ್ರ 2.004 ಅಂತಿದೆ. ವೈರಿಂಗ್ ತಪ್ಪಾ? ಮೀಟರ್ ಕೆಟ್ಟಿದೆಯಾ?"

ಎರಡೂ ಅಲ್ಲ. ವೈರಿಂಗ್ ತಪ್ಪಿದ್ದರೆ ಸಾಮಾನ್ಯವಾಗಿ ಉತ್ತರವೇ ಬರುವುದಿಲ್ಲ. ಮಾಡ್‌ಬಸ್ ಆರ್‌ಟಿಯು (ಸೀರಿಯಲ್ ತಂತಿಯ ಮೇಲೆ ಓಡುವ ಬಗೆ) ಪ್ರತಿ ಸಂದೇಶದ ಕೊನೆಗೆ ಸಿಆರ್‌ಸಿ ಅನ್ನುವ ತಾಳೆ ಸಂಖ್ಯೆಯನ್ನು ಸೇರಿಸುತ್ತದೆ. ದಾರಿಯಲ್ಲಿ ಬಿಟ್ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಕೈಗೆ ಬಂದ ಬೈಟ್‌ಗಳು ಸರಿಯಾಗಿಯೇ ಇವೆ. ಅವುಗಳನ್ನು ಸಾಲಾಗಿ ಜೋಡಿಸಿದ್ದು ತಪ್ಪಾಗಿದೆ, ಅಥವಾ ಜೋಡಿಸಿದ್ದನ್ನು ಓದಿದ್ದು ತಪ್ಪಾಗಿದೆ. ಇವು ಎರಡು ಬೇರೆ ತಪ್ಪುಗಳು. ಎರಡನ್ನೂ ಒಟ್ಟಿಗೆ ಸರಿಮಾಡಲು ಹೋಗುವುದರಿಂದಲೇ ಜನ ದಿನಗಟ್ಟಲೆ ಒದ್ದಾಡುತ್ತಾರೆ.

ನಾನು ಎಲ್ಲರಿಗೂ ಹೇಳುವ ದಾರಿ ಒಂದೇ: ಮೊದಲು ಪೂರ್ಣಾಂಕ ಕಟ್ಟಿ, ಆಮೇಲೆ ಅದೇ ಬಿಟ್‌ಗಳನ್ನು ಫ್ಲೋಟ್ (ದಶಾಂಶ ಇರುವ ಸಂಖ್ಯೆ) ಅಂತ ಓದಿ. ಸಾಲು ಬದಲಿಸುವ ಕೆಲಸವೆಲ್ಲ ಪೂರ್ಣಾಂಕ ಇರುವಾಗಲೇ ಮುಗಿಯಬೇಕು.

ಏನೇನು ಬೇಕು?

ಮೀಟರ್, ಆರ್‌ಎಸ್-485ರಿಂದ ಯುಎಸ್‌ಬಿಗೆ ಬದಲಿಸುವ ಕನ್ವರ್ಟರ್, ಮೀಟರಿನ ರಿಜಿಸ್ಟರ್ ಮ್ಯಾಪ್ (ಯಾವ ವಿಳಾಸದಲ್ಲಿ ಯಾವ ರೀಡಿಂಗ್ ಇದೆ ಅನ್ನುವ ಪಟ್ಟಿ, ಮ್ಯಾನ್ಯುಯಲ್‌ನ ಕೊನೆಯಲ್ಲಿ ಇರುತ್ತದೆ), ಮತ್ತು ಹೆಕ್ಸ್ ತೋರಿಸುವ ಕ್ಯಾಲ್ಕುಲೇಟರ್. ಹೆಕ್ಸ್ ಅಂದರೆ ಹದಿನಾರರ ಲೆಕ್ಕದಲ್ಲಿ ಬರೆದ ಸಂಖ್ಯೆ. ಎರಡು ಹೆಕ್ಸ್ ಅಂಕಿ ಸೇರಿದರೆ ಒಂದು ಬೈಟ್. ವಿಂಡೋಸ್‌ನ ಕ್ಯಾಲ್ಕುಲೇಟರನ್ನು ಪ್ರೋಗ್ರಾಮರ್ ಮೋಡ್‌ಗೆ ಹಾಕಿಕೊಂಡರೆ ಸಾಕು.

ಮೊದಲು ಬೈಟ್ ಆರ್ಡರ್ ಅಂದರೇನು ನೋಡೋಣ

ಬೈಟ್ ಆರ್ಡರ್ ಅಂದರೆ ಒಂದಕ್ಕಿಂತ ಹೆಚ್ಚು ಬೈಟ್ ಇರುವ ಸಂಖ್ಯೆಯಲ್ಲಿ ಯಾವ ಬೈಟ್ ಮೊದಲು ಅನ್ನುವುದು. ದೊಡ್ಡ ಬೆಲೆಯ ಬೈಟ್ ಮೊದಲು ಬಂದರೆ ಬಿಗ್ ಎಂಡಿಯನ್. ಚಿಕ್ಕ ಬೆಲೆಯದು ಮೊದಲು ಬಂದರೆ ಲಿಟಲ್ ಎಂಡಿಯನ್. ಇದು 'ಇಂಡಿಯನ್' ಅಲ್ಲ, ಎಂಡ್ ಅಂದರೆ ತುದಿ. 1980ರಲ್ಲಿ ಡ್ಯಾನಿ ಕೋಹೆನ್ ಬರೆದ ಒಂದು ಟಿಪ್ಪಣಿಯಿಂದ ಈ ಹೆಸರುಗಳು ಕಂಪ್ಯೂಟರ್ ಲೋಕದಲ್ಲಿ ಬಳಕೆಗೆ ಬಂದವು.

ಸಂಗೀತ ಕಲಿತವರಿಗೆ ಇದು ಹೊಸದೇನಲ್ಲ. ಮೇಳಕರ್ತ ರಾಗಗಳ ಹೆಸರಿನಲ್ಲಿ ಕಟಪಯಾದಿ ಲೆಕ್ಕ (ಅಕ್ಷರಕ್ಕೊಂದು ಅಂಕಿ) ಇದೆಯಲ್ಲ, ಅದು ಲಿಟಲ್ ಎಂಡಿಯನ್. ಮೇಚಕಲ್ಯಾಣಿಯಲ್ಲಿ 'ಮ' ಅಂದರೆ 5, 'ಚ' ಅಂದರೆ 6. ಬಿಡಿ ಸ್ಥಾನದ ಅಂಕಿ ಮೊದಲು ಬರುತ್ತದೆ. ಹಾಗಾಗಿ ತಿರುಗಿಸಿ ಓದಬೇಕು: 65ನೇ ಮೇಳ. ತಿರುಗಿಸದೆ 56 ಅಂತ ಓದಿದರೆ ನೀವು ಷಣ್ಮುಖಪ್ರಿಯಕ್ಕೆ ಹೋಗಿಬಿಡುತ್ತೀರಿ. ಅಂಕಿ ಅವೇ, ರಾಗವೇ ಬೇರೆ. 2.004 ಬಂದದ್ದೂ ಹೀಗೆಯೇ.

ಇನ್ನು ಮಾಡ್‌ಬಸ್. 1979ರಲ್ಲಿ ಮೋಡಿಕಾನ್ ಕಂಪನಿ ತಂದ ಪದ್ಧತಿ ಇದು. ಇದರಲ್ಲಿ ಎಲ್ಲವೂ 16 ಬಿಟ್‌ನ ಗೂಡುಗಳು. ಅವೇ ರಿಜಿಸ್ಟರ್. ಒಂದು ರಿಜಿಸ್ಟರಿನ ಎರಡು ಬೈಟ್‌ಗಳಲ್ಲಿ ದೊಡ್ಡದು ಮೊದಲು ಅಂತ ನಿಯಮ ಇದೆ. ಆದರೆ 32 ಬಿಟ್‌ನ ಫ್ಲೋಟನ್ನು ಎರಡು ರಿಜಿಸ್ಟರ್‌ಗಳಲ್ಲಿ ಯಾವ ಸಾಲಿನಲ್ಲಿ ಇಡಬೇಕು ಅಂತ ನಿಯಮದಲ್ಲಿ ಇಲ್ಲ. ಹೀಗಾಗಿ ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಇಟ್ಟರು. ನಮ್ಮ ತಲೆನೋವಿನ ಮೂಲ ಇದು.

ಹಂತ 1: ರಿಜಿಸ್ಟರಿನಲ್ಲಿ ಇರುವುದು ಫ್ಲೋಟೇ ಹೌದಾ?

ಸಾಲಿನ ಯೋಚನೆಗೂ ಮೊದಲು ಮ್ಯಾಪ್ ನೋಡಿ. ಆ ರೀಡಿಂಗ್ ಮುಂದೆ ಫ್ಲೋಟ್, ರಿಯಲ್ ಅಥವಾ 'ಐಇಇಇ 754' ಅಂತ ಬರೆದಿದ್ದರೆ ಅದು ಫ್ಲೋಟ್. 'ಸ್ಕೇಲ್ 0.1' ಅಥವಾ 'ಮಲ್ಟಿಪ್ಲೈಯರ್' ಅಂತ ಇದ್ದರೆ ಅದು ಸುಮ್ನೆ ಪೂರ್ಣಾಂಕ. 2302 ಬಂದರೆ 230.2 ಅಂತ ಅರ್ಥ, ಅಷ್ಟೇ. ಅದಕ್ಕೆ ಈ ಲೇಖನದ ಹೆಚ್ಚಿನ ಭಾಗ ಬೇಕಾಗಿಲ್ಲ.

ಫಂಕ್ಷನ್ ಕೋಡ್ (ಮೀಟರಿಗೆ ಯಾವ ಕೆಲಸ ಹೇಳುತ್ತಿದ್ದೇವೆ ಅನ್ನುವ ಸಂಖ್ಯೆ) ಕೂಡ ನೋಡಿ. 3 ಅಂದರೆ ಹೋಲ್ಡಿಂಗ್ ರಿಜಿಸ್ಟರ್, 4 ಅಂದರೆ ಇನ್‌ಪುಟ್ ರಿಜಿಸ್ಟರ್. ವಿಳಾಸ ಒಂದೇ ಆದರೂ ಒಳಗಿರುವುದು ಬೇರೆ ಇರಬಹುದು.

ಹಂತ 2: ಕಚ್ಚಾ ಅಂಕಿಗಳನ್ನು ಬರೆದಿಟ್ಟುಕೊಳ್ಳಿ

ನಿಮ್ಮ ಸಾಫ್ಟ್‌ವೇರಿನಲ್ಲಿ ಫ್ಲೋಟ್ ಆಯ್ಕೆಯನ್ನು ತೆಗೆದುಹಾಕಿ. ಎರಡು ರಿಜಿಸ್ಟರ್‌ಗಳನ್ನು ಚಿಹ್ನೆ ಇಲ್ಲದ 16 ಬಿಟ್ ಪೂರ್ಣಾಂಕಗಳಾಗಿ ಓದಿ. ಅದೇ ಕ್ಷಣದಲ್ಲಿ ಮೀಟರ್ ಡಿಸ್‌ಪ್ಲೇನಲ್ಲಿ ಏನಿತ್ತು ಅಂತಲೂ ಪಕ್ಕದಲ್ಲಿ ಬರೆಯಿರಿ. ಮುಂದಿನ ಲೆಕ್ಕಕ್ಕೆ ನಾನು ಇಟ್ಟುಕೊಳ್ಳುವ ಉದಾಹರಣೆ ಇದು:

ಡಿಸ್‌ಪ್ಲೇ: 230.25
ಮೊದಲ ರಿಜಿಸ್ಟರ್: 17254 (ಹೆಕ್ಸ್ 43 66)
ಎರಡನೇ ರಿಜಿಸ್ಟರ್: 16384 (ಹೆಕ್ಸ್ 40 00)

ಎರಡನ್ನೂ ಒಂದೇ ಸಲಕ್ಕೆ ಕೇಳಿ ತರಿಸಿಕೊಳ್ಳಿ. ಬೇರೆ ಬೇರೆಯಾಗಿ ಕೇಳಿದರೆ ನಡುವೆ ರೀಡಿಂಗ್ ಬದಲಾಗಬಹುದು. 229.99 ಇದ್ದದ್ದು 230.00 ಆಗುವ ಹೊತ್ತಿನಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಸಿಕ್ಕಿದರೆ 229.00 ಅಂತಲೋ 230.99 ಅಂತಲೋ ಓದುತ್ತೀರಿ. ಇಂಥ ತಪ್ಪನ್ನು ಆಮೇಲೆ ಹುಡುಕುವುದು ತುಂಬಾ ಕಷ್ಟ.

ಹಂತ 3: ಯಾವ ರಿಜಿಸ್ಟರ್ ದೊಡ್ಡದು ಅಂತ ಕಣ್ಣಲ್ಲೇ ಗುರುತಿಸಿ

ಈ ಹಂತವನ್ನು ಜನ ಬಿಟ್ಟುಬಿಡುತ್ತಾರೆ. ನನಗಂತೂ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

1985ರ ಐಇಇಇ 754 ನಿಯಮದ ಪ್ರಕಾರ 32 ಬಿಟ್‌ನ ಫ್ಲೋಟ್‌ನಲ್ಲಿ ಮೂರು ಭಾಗ ಇದೆ. ಮೊದಲ 1 ಬಿಟ್ ಚಿಹ್ನೆ. ನಂತರದ 8 ಬಿಟ್ ಘಾತ, ಅಂದರೆ ಎರಡರ ಎಷ್ಟನೇ ಘಾತ ಅನ್ನುವುದು. ಅದಕ್ಕೆ 127 ಕೂಡಿಸಿ ಇಟ್ಟಿರುತ್ತಾರೆ. ಉಳಿದ 23 ಬಿಟ್ ಭಿನ್ನಭಾಗ.

230.25 ಅನ್ನು ಎರಡರ ಲೆಕ್ಕದಲ್ಲಿ ಬರೆದರೆ 11100110.01. ಬಿಂದುವನ್ನು ಏಳು ಮನೆ ಎಡಕ್ಕೆ ಸರಿಸಿದರೆ 1.110011001, ಘಾತ 7. ಏಳಕ್ಕೆ 127 ಕೂಡಿದರೆ 134, ಅಂದರೆ 10000110. ಸೊನ್ನೆ ಮತ್ತು ತೀರಾ ಚಿಕ್ಕ ಸಂಖ್ಯೆಗಳನ್ನು ಬಿಟ್ಟರೆ ಬಿಂದುವಿನ ಎಡಗಡೆಯ 1 ಯಾವಾಗಲೂ ಇರುವುದರಿಂದ ಅದನ್ನು ಬರೆಯುವುದಿಲ್ಲ. ಚಿಹ್ನೆ 0, ಘಾತ 10000110, ಭಿನ್ನ 110011001 ಮತ್ತು ಸೊನ್ನೆಗಳು. ಇವನ್ನು ಒಟ್ಟಿಗೆ ಇಟ್ಟು ನಾಲ್ಕು ನಾಲ್ಕು ಬಿಟ್ ಮಾಡಿ ಓದಿದರೆ 43 66 40 00. ಒಮ್ಮೆ ಪೇಪರ್ ಮೇಲೆ ಮಾಡಿ ನೋಡಿ, ಐದು ನಿಮಿಷದ ಕೆಲಸ.

ಈಗ ಉಪಯೋಗದ ಮಾತು. ದೊಡ್ಡ ರಿಜಿಸ್ಟರ್ ಅಂದರೆ ಫ್ಲೋಟಿನ ಮೊದಲ 16 ಬಿಟ್ ಇರುವುದು, ಇಲ್ಲಿ 43 66. 128ರಿಂದ 256ರ ಒಳಗಿನ ಬೆಲೆಗಳಿಗೆ ದೊಡ್ಡ ರಿಜಿಸ್ಟರ್ ಒಂದು ವೋಲ್ಟಿಗೆ ಸರಿಯಾಗಿ ಒಂದು ಹೆಚ್ಚುತ್ತದೆ. ಅದರಿಂದ 17024 ಕಳೆದರೆ ವೋಲ್ಟಿನ ಪೂರ್ಣಾಂಕ ಭಾಗ ಸಿಗುತ್ತದೆ. 17254ರಿಂದ 17024 ಕಳೆಯಿರಿ: 230. ಸಿಂಗಲ್ ಫೇಸ್ ವೋಲ್ಟೇಜ್ 200ರಿಂದ 250ರ ನಡುವೆ ಇರುವಾಗ ಒಂದು ರಿಜಿಸ್ಟರ್ 17224ರಿಂದ 17274ರ ಒಳಗೇ ಓಡಾಡುತ್ತಿರುತ್ತದೆ. ಇನ್ನೊಂದು 0ಯಿಂದ 65535ರವರೆಗೆ ಎಲ್ಲೆಲ್ಲೋ ಹಾರುತ್ತಿರುತ್ತದೆ. ನಿಂತಲ್ಲೇ ಅಲ್ಲಾಡುವುದು ದೊಡ್ಡ ಭಾಗ, ಹಾರುವುದು ಚಿಕ್ಕ ಭಾಗ.

ಫ್ರೀಕ್ವೆನ್ಸಿ ಇನ್ನೂ ಸುಲಭ. ನಮ್ಮ ಲೈನಿನಲ್ಲಿ 50 ಹರ್ಟ್ಜ್ ಅಲ್ವಾ? 50ರಿಂದ 50.25ರ ಕೆಳಗೆ ಇದ್ದರೆ ದೊಡ್ಡ ರಿಜಿಸ್ಟರ್ 16968. 49.75ರಿಂದ 50ರ ಕೆಳಗೆ ಇದ್ದರೆ 16967. ಯಾವ ಹೊಸ ಮೀಟರ್ ಸಿಕ್ಕಿದರೂ ನಾನು ಮೊದಲು ಹುಡುಕುವುದು ಈ ಎರಡು ಅಂಕಿಗಳನ್ನು. ಅವು ಮೊದಲ ಗೂಡಿನಲ್ಲಿ ಸಿಕ್ಕಿದರೆ ದೊಡ್ಡದು ಮೊದಲು. ಎರಡನೇ ಗೂಡಿನಲ್ಲಿ ಸಿಕ್ಕಿದರೆ ಚಿಕ್ಕದು ಮೊದಲು.

ಹಂತ 4: ನಾಲ್ಕು ಸಾಲುಗಳನ್ನೂ ಹಾಕಿ ನೋಡಿ

ನಾಲ್ಕು ಬೈಟ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಎ, ಬಿ, ಸಿ, ಡಿ ಅಂತ ಕರೆಯೋಣ. ಬಳಕೆಯಲ್ಲಿ ಇರುವುದು ನಾಲ್ಕೇ ಸಾಲು. ನಮ್ಮ ಉದಾಹರಣೆಯ ಬೈಟ್‌ಗಳನ್ನು ಹಾಗೆ ಓದಿದರೆ:

ಎಬಿಸಿಡಿ: 43 66 40 00 → 230.25
ಸಿಡಿಎಬಿ: 40 00 43 66 → 2.004
ಬಿಎಡಿಸಿ: 66 43 00 40 → 2.302 × 10²³
ಡಿಸಿಬಿಎ: 00 40 66 43 → 5.914 × 10⁻³⁹

ಈಗ ಲೇಖನದ ತಲೆಬರಹದ 2.004 ಎಲ್ಲಿಂದ ಬಂತು ನೋಡಿ. ಎರಡು ರಿಜಿಸ್ಟರ್‌ಗಳು ಅದಲುಬದಲಾಗಿವೆ, ಅಷ್ಟೇ. ಕೊನೆಯದನ್ನು ಎರಡು ದಶಾಂಶಕ್ಕೆ ತೋರಿಸುವ ಸ್ಕ್ರೀನ್ 0.00 ಅನ್ನುತ್ತದೆ. "ಎಲ್ಲ ರೀಡಿಂಗೂ ಸೊನ್ನೆ ಬರ್ತಿದೆ" ಅನ್ನುವವರು ಇನ್ನೂ ಹೆಚ್ಚು ದಶಾಂಶ ತೆರೆದು ನೋಡಬೇಕು.

ಇಲ್ಲಿ ಮೂರು ಗುಂಡಿಗಳಿವೆ, ಜೋಪಾನ.

ಒಂದು, ಸೊನ್ನೆಯ ಮೇಲೆ ಪರೀಕ್ಷೆ ಮಾಡಬೇಡಿ. ಸೊನ್ನೆಯನ್ನು ಹೇಗೆ ತಿರುಗಿಸಿದರೂ ಸೊನ್ನೆಯೇ. ಒಮ್ಮೆ ಸಂಜೆ ಮೋಟಾರುಗಳು ನಿಂತ ಮೇಲೆ ಕರೆಂಟಿನ ರೀಡಿಂಗ್ ನೋಡಿ, 0.00 ಸರಿ ಇದೆ ಅಂತ ಮನೆಗೆ ಬಂದಿದ್ದೆ. ಮಾರನೇ ದಿನ ಲೋಡ್ ಬಂದಾಗ ಎಲ್ಲವೂ ತಪ್ಪು. ಕರೆಂಟ್ ನೋಡುವುದಾದರೆ ಲೋಡ್ ಓಡುತ್ತಿರಬೇಕು.

ಎರಡು, ದುಂಡು ಸಂಖ್ಯೆಗಳ ಮೇಲೆ ಪರೀಕ್ಷೆ ಮಾಡಬೇಡಿ. 230.0 ಅಂದರೆ 43 66 00 00. ಎರಡು ಬೈಟ್ ಒಂದೇ ಆಗಿರುವುದರಿಂದ ಸಾಲಿನ ತಪ್ಪು ಪೂರ್ತಿ ಕಾಣುವುದಿಲ್ಲ. ನಾಲ್ಕೂ ಬೈಟ್ ಬೇರೆ ಬೇರೆ ಇರುವ ರೀಡಿಂಗ್ ಸಿಗುವವರೆಗೆ ಕಾಯಿರಿ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಮ್ಯಾನ್ಯುಯಲ್‌ಗಳಲ್ಲಿ ವಿಳಾಸವನ್ನು ಕೆಲವರು 0ಯಿಂದ ಎಣಿಸುತ್ತಾರೆ, ಕೆಲವರು 1ರಿಂದ. 40001 ಅಂತ ಬರೆದಿದ್ದರೆ ತಂತಿಯ ಮೇಲೆ ಹೋಗುವ ವಿಳಾಸ 0. ಇದನ್ನು ಮರೆತರೆ ಒಂದು ಗೂಡು ಪಕ್ಕಕ್ಕೆ ಸರಿದು ಓದುತ್ತೀರಿ. ಆರ್ ಫೇಸ್ 230.25 ಇದೆ (17254, 16384), ವೈ ಫೇಸ್ 231.5 ಇದೆ (17255, 32768) ಅಂತಿಟ್ಟುಕೊಳ್ಳಿ. ಒಂದು ಗೂಡು ಸರಿದರೆ ನಿಮಗೆ ಸಿಗುವ ಜೋಡಿ 16384, 17255. ಹಾಗೇ ಓದಿದರೆ 2.004. 'ಓಹೋ, ರಿಜಿಸ್ಟರ್ ಅದಲುಬದಲಾಗಿದೆ' ಅಂದುಕೊಂಡು ತಿರುಗಿಸಿದರೆ 231.25! ನೋಡಲು ಎಷ್ಟು ಸರಿಯಾಗಿದೆ ಅಲ್ವಾ? ಆದರೆ ಅದು ವೈ ಫೇಸಿನ ವೋಲ್ಟಿಗೆ ಆರ್ ಫೇಸಿನ ದಶಾಂಶ ಅಂಟಿಸಿದ ಸಂಖ್ಯೆ. ಹಾಗಾಗಿ 'ಸುಮಾರು ಸರಿ ಇದೆ' ಅನ್ನುವುದು ಸಾಲದು. ಡಿಸ್‌ಪ್ಲೇ ಜೊತೆ ದಶಾಂಶದವರೆಗೂ ತಾಳೆ ನೋಡಿ. ಫೇಸ್‌ಗಳ ಬದಲು ಫ್ರೀಕ್ವೆನ್ಸಿಯಂಥ ಬೇರೆ ಜಾತಿಯ ರೀಡಿಂಗ್ ಮೇಲೂ ನೋಡಿ.

ಹಂತ 5: ಪೂರ್ಣಾಂಕ ಕಟ್ಟಿ

ದೊಡ್ಡ ರಿಜಿಸ್ಟರನ್ನು 65536ರಿಂದ ಗುಣಿಸಿ, ಚಿಕ್ಕದನ್ನು ಕೂಡಿಸಿ. 17254 × 65536 + 16384 = 1130774528. ಸಾಲಿನ ಲೆಕ್ಕ ಇಲ್ಲಿಗೆ ಮುಗಿಯಿತು. ಗುಣಾಕಾರ ಮಾಡುವುದರಿಂದ (ಅಥವಾ 16 ಬಿಟ್ ಎಡಕ್ಕೆ ಶಿಫ್ಟ್ ಮಾಡುವುದರಿಂದ) ನಿಮ್ಮ ಕಂಪ್ಯೂಟರ್ ಮೆಮೊರಿಯಲ್ಲಿ ಬೈಟ್‌ಗಳನ್ನು ಹೇಗೆ ಇಡುತ್ತದೆ ಅನ್ನುವ ಚಿಂತೆಯೇ ಬೇಡ. ಇಂಟೆಲ್, ಎಎಂಡಿ ಯಂತ್ರಗಳು ಲಿಟಲ್ ಎಂಡಿಯನ್. ಅಲ್ಲಿ ಡಿಬಗರ್‌ನ ಮೆಮೊರಿ ಕಿಟಕಿಯಲ್ಲಿ ಇದೇ ಸಂಖ್ಯೆ 00 40 66 43 ಅಂತ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಇನ್ನೊಮ್ಮೆ ತಿರುಗಿಸಬೇಡಿ. ಅದು ಸರಿಯಾಗಿಯೇ ಇದೆ.

ರಿಜಿಸ್ಟರ್ ಒಳಗಿನ ಬೈಟ್‌ಗಳೂ ತಿರುಗಿರುವ ಮೀಟರ್ ಆದರೆ, ಮೊದಲು ಪ್ರತಿ ರಿಜಿಸ್ಟರಿನ ಎರಡು ಬೈಟ್ ಅದಲುಬದಲು ಮಾಡಿ, ಆಮೇಲೆ ಗುಣಿಸಿ.

ಇಲ್ಲಿನ ತಪ್ಪು ಬಹಳ ನಯವಾದದ್ದು: ಚಿಹ್ನೆ ಇರುವ 16 ಬಿಟ್ ವೇರಿಯಬಲ್. ಉದಾಹರಣೆಗೆ 230.5ರ ರಿಜಿಸ್ಟರ್‌ಗಳು 17254 ಮತ್ತು 32768. ಚಿಕ್ಕ ಭಾಗವನ್ನು ಚಿಹ್ನೆ ಇರುವ ವೇರಿಯಬಲ್‌ನಲ್ಲಿ ಇಟ್ಟರೆ ಅದು -32768 ಆಗುತ್ತದೆ. ಕೂಡಿಸಿದರೆ ಫಲಿತಾಂಶ 229.5. ಸರಿಯಾಗಿ ಒಂದು ವೋಲ್ಟ್ ಕಡಿಮೆ! 230.25 ಸರಿ ಬರುತ್ತದೆ, 230.5 ತಪ್ಪು ಬರುತ್ತದೆ. ಕೂಡಿಸುವ ಬದಲು ಬಿಟ್ 'ಆರ್' ಮಾಡಿದರೆ ನ್ಯಾನ್ ಸಿಗುತ್ತದೆ. ನ್ಯಾನ್ ಅಂದರೆ 'ಇದು ಸಂಖ್ಯೆಯೇ ಅಲ್ಲ' ಅನ್ನುವ ಗುರುತು. ಒಂದು ರೀತಿಯಲ್ಲಿ ಅದೇ ಮೇಲು, ತಪ್ಪು ಕಣ್ಣಿಗೆ ಬೀಳುತ್ತದೆ. ಸಿ ಭಾಷೆಯಲ್ಲಿ ಅನ್‌ಸೈನ್ಡ್ ಬಳಸಿ. ಜಾವಾದಲ್ಲಿ ಶಾರ್ಟ್‌ಗೆ ಯಾವಾಗಲೂ ಚಿಹ್ನೆ ಇರುತ್ತದೆ, ಹಾಗಾಗಿ 65535ರ ಜೊತೆ 'ಆ್ಯಂಡ್' ಮಾಡಿಕೊಳ್ಳಿ. ಹಳೆಯ ಆರ್ಡುವಿನೋ ಉನೋ ಬೋರ್ಡ್‌ಗಳಲ್ಲಿ (ಆರ್3ರವರೆಗೆ) ಇಂಟ್ ಅಂದರೆ ಬರೀ 16 ಬಿಟ್. ಮೊದಲು 32 ಬಿಟ್‌ಗೆ ಬದಲಿಸದೆ ಶಿಫ್ಟ್ ಮಾಡಿದರೆ ದೊಡ್ಡ ಭಾಗ ಕಳೆದುಹೋಗುತ್ತದೆ.

ಹಂತ 6: ಬಿಟ್ ಮುಟ್ಟದೆ ಫ್ಲೋಟ್ ಆಗಿ ಓದಿ

ಕೈಯಲ್ಲಿ 1130774528 ಇದೆ. ಇದನ್ನು ಫ್ಲೋಟಿಗೆ ಟೈಪ್ ಕಾಸ್ಟ್ ಮಾಡಿದರೆ, ಅಂದರೆ ಸಂಖ್ಯೆಯ ಬಗೆ ಬದಲಿಸಿದರೆ, ನಿಮಗೆ ಸಿಗುವುದು ಅದೇ ನೂರಾಹದಿಮೂರು ಕೋಟಿ ಚಿಲ್ಲರೆ, ಕೊನೆಗೆ ಒಂದು '.0' ಸೇರಿಕೊಂಡು. ಕಾಸ್ಟ್ ಬೆಲೆಯನ್ನು ಉಳಿಸಿ ಬಿಟ್‌ಗಳನ್ನು ಬದಲಿಸುತ್ತದೆ. ನಮಗೆ ಬೇಕಾದದ್ದು ಅದರ ಉಲ್ಟಾ: ಬಿಟ್‌ಗಳು ಹಾಗೇ ಇರಬೇಕು, ಅವುಗಳನ್ನು ಓದುವ ರೀತಿ ಬದಲಾಗಬೇಕು. ಭಾಷೆಗೊಂದು ದಾರಿ ಇದೆ.

ಪೈಥಾನ್: ಸ್ಟ್ರಕ್ಟ್ ಮಾಡ್ಯೂಲ್‌ನ ಪ್ಯಾಕ್‌ಗೆ '>' ಚಿಹ್ನೆ ಮತ್ತು ಕ್ಯಾಪಿಟಲ್ 'ಐ' ಕೊಟ್ಟು ಬೈಟ್ ಮಾಡಿ. ಅನ್‌ಪ್ಯಾಕ್‌ಗೆ '>' ಮತ್ತು ಸ್ಮಾಲ್ 'ಎಫ್' ಕೊಟ್ಟು ಓದಿ. ಎರಡೂ ಕಡೆ ಚಿಹ್ನೆ ಒಂದೇ ಇರಬೇಕು. ಚಿಹ್ನೆಯನ್ನೇ ಬಿಟ್ಟರೆ ಪೈಥಾನ್ ಯಂತ್ರದ ಸಾಲನ್ನು ಹಿಡಿಯುತ್ತದೆ. ಒಂದು ಕಡೆ ಹಾಕಿ ಇನ್ನೊಂದು ಕಡೆ ಮರೆಯುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು.

ಸಿ: ಮೆಮ್‌ಕಾಪಿಯಿಂದ ನಾಲ್ಕು ಬೈಟ್‌ಗಳನ್ನು ಪೂರ್ಣಾಂಕದಿಂದ ಫ್ಲೋಟಿಗೆ ನಕಲು ಮಾಡಿ. ಪಾಯಿಂಟರನ್ನು ಕಾಸ್ಟ್ ಮಾಡಿ ಓದುವ ಹಳೆಯ ಅಭ್ಯಾಸ ಬಿಡಿ. ಆಪ್ಟಿಮೈಸೇಶನ್ ಹಾಕಿದಾಗ ಕಂಪೈಲರ್ ಆ ಓದನ್ನು ತನಗೆ ತೋಚಿದಂತೆ ಮಾಡಬಹುದು. ಸಿ ಭಾಷೆಯಲ್ಲಿ ಯೂನಿಯನ್ ನಡೆಯುತ್ತದೆ, ಸಿ++ನಲ್ಲಿ ಅದಕ್ಕೆ ಭರವಸೆ ಇಲ್ಲ. ಸಿ++20 ಇದ್ದರೆ ಬಿಟ್‌ಕಾಸ್ಟ್ ಬಳಸಿ.

ಜಾವಾಸ್ಕ್ರಿಪ್ಟ್: ಡೇಟಾವ್ಯೂ ಬಳಸಿ. ಬೇರೇನೂ ಹೇಳದಿದ್ದರೆ ಅದು ಬಿಗ್ ಎಂಡಿಯನ್. ಆದರೆ ಫ್ಲೋಟ್32ಅರೇ ಯಂತ್ರದ ಸಾಲನ್ನು ಹಿಡಿಯುತ್ತದೆ. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಓದಬೇಡಿ. ನೋಡ್-ರೆಡ್‌ನಲ್ಲಿ ಬಫರ್‌ನ ಸ್ವಾಪ್16, ಸ್ವಾಪ್32 ಇವೆ. ಅವು ಇದ್ದ ಬಫರನ್ನೇ ಬದಲಿಸುತ್ತವೆ. ಎರಡು ಕಡೆ ಕರೆದರೆ ಮೊದಲಿದ್ದ ಹಾಗೇ ಆಗುತ್ತದೆ.

ಜಾವಾ: ಇಂಟ್‌ಬಿಟ್ಸ್‌ಟುಫ್ಲೋಟ್. ರಸ್ಟ್: ಫ್ರಮ್‌ಬಿಟ್ಸ್. ಇವೆರಡರಲ್ಲಿ ತಪ್ಪಲು ಜಾಗವೇ ಕಡಿಮೆ.

ಮತ್ತೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ತಪ್ಪು ಸಾಲಿನಲ್ಲಿರುವ ಬೈಟ್‌ಗಳನ್ನು ಫ್ಲೋಟ್ ವೇರಿಯಬಲ್‌ನಲ್ಲಿ ಇಟ್ಟು ಆಮೇಲೆ ತಿರುಗಿಸಬೇಡಿ. ಆ ತಪ್ಪು ಸಾಲು ಅಕಸ್ಮಾತ್ ನ್ಯಾನ್‌ನ ಒಂದು ಬಗೆಯಾಗಿ ಕಂಡರೆ, ಕೆಲವು ಪ್ರೊಸೆಸರುಗಳು ಅದರ ಒಂದು ಬಿಟ್ ಬದಲಿಸಿಬಿಡುತ್ತವೆ. ಹಳೆಯ 32 ಬಿಟ್ ಇಂಟೆಲ್‌ನ ಎಕ್ಸ್87 (ಫ್ಲೋಟ್ ಲೆಕ್ಕ ಮಾಡುವ ಭಾಗ) ಹೀಗೆ ಮಾಡುತ್ತದೆ. ಸಾವಿರಾರು ರೀಡಿಂಗ್‌ನಲ್ಲಿ ಒಂದು ಕೆಡುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ಹಂತ 7: ಬರೆಯುವಾಗ ಇದೇ ದಾರಿ, ಹಿಂದಿನಿಂದ

ಸೆಟ್‌ಪಾಯಿಂಟ್ (ಯಂತ್ರ ಹಿಡಿದಿಡಬೇಕಾದ ಗುರಿ ಬೆಲೆ) ಕಳಿಸಬೇಕಾದರೆ ಮೊದಲು ಫ್ಲೋಟ್‌ನ ಬಿಟ್‌ಗಳನ್ನು ಪೂರ್ಣಾಂಕವಾಗಿ ಓದಿ, ಆಮೇಲೆ ಎರಡು ರಿಜಿಸ್ಟರ್ ಮಾಡಿ. ಸಿ ಭಾಷೆಯ ಎಚ್‌ಟಿಒಎನ್‌ಎಲ್ ಫಂಕ್ಷನ್ ಬೈಟ್ ಸಾಲು ಬದಲಿಸುತ್ತದೆ ನಿಜ, ಆದರೆ ಅದಕ್ಕೆ ನೇರವಾಗಿ 230.25 ಕೊಟ್ಟರೆ ಮೊದಲು 230 ಮಾಡಿಕೊಂಡು ದಶಾಂಶ ಬಿಸಾಡುತ್ತದೆ. ಎರಡು ರಿಜಿಸ್ಟರನ್ನೂ ಫಂಕ್ಷನ್ ಕೋಡ್ 16ರಲ್ಲಿ ಒಟ್ಟಿಗೆ ಬರೆಯಿರಿ. ಕೋಡ್ 6ರಲ್ಲಿ ಒಂದೊಂದಾಗಿ ಬರೆದರೆ ನಡುವಿನ ಕ್ಷಣದಲ್ಲಿ ಯಂತ್ರಕ್ಕೆ ಅರ್ಧ ಹಳೆಯ ಸೆಟ್‌ಪಾಯಿಂಟ್ ಸಿಗುತ್ತದೆ. ಬಿಸಿ, ಒತ್ತಡ, ವೇಗ ನಿಯಂತ್ರಿಸುವ ಜಾಗದಲ್ಲಿ ಇದು ಜನರ ಕೈಕಾಲಿನ ವಿಷಯ.

ಹಂತ 8: ಒಂದು ಸರಿಹೋಯಿತು ಅಂತ ಎಲ್ಲವನ್ನೂ ನಂಬಬೇಡಿ

ಒಂದೇ ಮೀಟರಿನಲ್ಲಿ ಫ್ಲೋಟ್‌ಗೆ ಒಂದು ಸಾಲು, 32 ಬಿಟ್ ಪೂರ್ಣಾಂಕಕ್ಕೆ ಇನ್ನೊಂದು ಸಾಲು ಇರಬಹುದು. ಯೂನಿಟ್ ಎಣಿಕೆ ಹೆಚ್ಚಾಗಿ ಪೂರ್ಣಾಂಕದಲ್ಲಿ ಇರುತ್ತದೆ. 70000 ಯೂನಿಟ್ ಅಂದರೆ 1 ಮತ್ತು 4464. ಅದಲುಬದಲಾದರೆ 29 ಕೋಟಿ 25 ಲಕ್ಷ ದಾಟುತ್ತದೆ, ತಕ್ಷಣ ಗೊತ್ತಾಗುತ್ತದೆ. ಆದರೆ ಚಿಕ್ಕ ರಿಜಿಸ್ಟರನ್ನು ಮಾತ್ರ ಓದುತ್ತಿದ್ದರೆ 65535ರವರೆಗೆ ಎಲ್ಲ ಸರಿ ಕಂಡು, ಒಂದು ದಿನ ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ. ಹೊಸ ಮೀಟರ್ ಆದರೆ ಆ ದಿನ ಬರಲು ತಿಂಗಳುಗಳೇ ಬೇಕು.

64 ಬಿಟ್‌ನ ಡಬಲ್ ಇದ್ದರೆ ನಾಲ್ಕು ರಿಜಿಸ್ಟರ್, ದಾರಿ ಇದೇ. ಆದರೆ ಆ ಹಳೆಯ ಆರ್ಡುವಿನೋ ಉನೋಗಳಲ್ಲಿ ಡಬಲ್ ಕೂಡ 32 ಬಿಟ್ಟೇ. ಅಲ್ಲಿ ಅದನ್ನು ನೇರವಾಗಿ ಓದಲು ಆಗುವುದಿಲ್ಲ.

ಸಾಲನ್ನು ಕೋಡಿನೊಳಗೆ ಹೂತಿಡಬೇಡಿ. ಮೀಟರಿನ ಮಾಡೆಲ್ ಪಕ್ಕದಲ್ಲೇ ಸೆಟ್ಟಿಂಗ್ ಆಗಿ ಇಡಿ. ಕೆಲವು ಮೀಟರ್‌ಗಳ ಮೆನುವಿನಲ್ಲೇ ಈ ಸಾಲು ಬದಲಿಸುವ ಆಯ್ಕೆ ಇದೆ. ಮೀಟರ್ ಬದಲಾಯಿಸಿದ ದಿನ ಅದು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಹೋಗಿರುತ್ತದೆ. ಪ್ರೋಗ್ರಾಂ ಶುರುವಾದಾಗಲೆಲ್ಲ ಫ್ರೀಕ್ವೆನ್ಸಿ ಓದಿ, 45ರಿಂದ 55ರ ಒಳಗೆ ಇಲ್ಲದಿದ್ದರೆ ಯಾವ ರೀಡಿಂಗನ್ನೂ ಉಳಿಸದೆ ಎಚ್ಚರಿಕೆ ಕೊಡುವ ಹಾಗೆ ಮಾಡಿ.

ಇಷ್ಟು ಮಾಡಿಯೂ ಸರಿಹೋಗದಿದ್ದರೆ ತಯಾರಕರಿಗೆ ಬರೆಯಿರಿ. ಬರೆಯುವಾಗ 'ರೀಡಿಂಗ್ ತಪ್ಪು ಬರ್ತಿದೆ' ಅಂತಷ್ಟೇ ಹೇಳಬೇಡಿ. ಮಾಡೆಲ್ ನಂಬರ್, ನೀವು ಕೇಳಿದ ವಿಳಾಸ ಮತ್ತು ಫಂಕ್ಷನ್ ಕೋಡ್, ಬಂದ ಎರಡು ಕಚ್ಚಾ ರಿಜಿಸ್ಟರ್‌ಗಳು, ಅದೇ ಕ್ಷಣದ ಡಿಸ್‌ಪ್ಲೇ ಫೋಟೊ, ಇವಿಷ್ಟನ್ನು ಕಳಿಸಿ.